ಮರುಮಾತಿನ ನೆಲೆ: ಸಾರ್ವಜನಿಕ ಉಪನ್ಯಾಸ ಮತ್ತು ಕೇಳುಗನ ಪ್ರಶ್ನೆ

1

ಕನ್ನಡದಲ್ಲಿ ‘ಉಪನ್ಯಾಸ’ವೆಂದರೆ ಸಭೆಯ ಮುಂದೆ ನಿಂತು ಆಡುವ ಮಾತು. ಹಿಂದಿ, ಬಂಗಾಳಿಗಳಲ್ಲಿ ಇದೇ ಪದ ಕಾದಂಬರಿಯನ್ನು ಸೂಚಿಸುತ್ತದೆ. ಗುಜರಾತಿಯಲ್ಲಿ ಕಾದಂಬರಿ ‘ನವಲಕಥಾ’. ಸಭೆಯ ಮಾತಿಗೆ ‘ವ್ಯಾಖ್ಯಾನ’, ‘ಭಾಷಣ’ ಎಂಬ ಪದಗಳಿವೆ. ರಾಜ್ಯದ ಹೊರಗಿದ್ದು ಕನ್ನಡದಲ್ಲಿ ಸಂಶೋಧನೆ ನಡೆಸುವವರು ಬಿ.ಎಂ.ಶ್ರೀ. ಅವರ ಉಪನ್ಯಾಸವನ್ನು ಪ್ರಸ್ತಾಪಿಸಿದರೆ, ಹಿಂದಿ ಬಲ್ಲ ಸಹೋದ್ಯೋಗಿ ಅದು ಯಾವ ಕಾದಂಬರಿಯೆಂದು ಕೇಳುವ ಸಂಭವವಿದೆ. ಇದು ಪದಕೋಶದ ಗೊಂದಲವೆಂದು ನಕ್ಕು ಬಿಡಬಹುದು. ಆದರೆ ಇದರ ಹಿಂದೆ ವಿಮರ್ಶೆಯ ಪ್ರಶ್ನೆಯೊಂದು ಅಡಗಿದೆ. ಕಾದಂಬರಿಗೆ ಓದುಗನಿದ್ದಾನೆ, ಅವನ ಬಗ್ಗೆ ನಮ್ಮ ವಿಮರ್ಶೆ ಸಾಕಷ್ಟು ಮಾತನಾಡಿದೆ. ಉಪನ್ಯಾಸಕ್ಕೆ ಕೇಳುಗನಿದ್ದಾನೆ, ಅವನ ಬಗ್ಗೆ ನಾವು ಮಾತನಾಡಿದ್ದು ಬಹಳ ಕಡಿಮೆ.

ಕಾರಣ ಸ್ಪಷ್ಟವಾಗಿದೆ. ಉಪನ್ಯಾಸ ನಮ್ಮ ಕೈಗೆ ಬರುವುದು ಅಚ್ಚಾದ ಮೇಲೆ. ಆಗ ಅದನ್ನು ನಾವು ಪ್ರಬಂಧ, ವಿಮರ್ಶೆ, ವೈಚಾರಿಕ ಸಾಹಿತ್ಯ ಎಂಬ ಕಪಾಟುಗಳಲ್ಲಿ ಹಂಚಿ ಇಡುತ್ತೇವೆ. ಯಾವ ಊರಿನಲ್ಲಿ, ಯಾರ ಆಹ್ವಾನದ ಮೇರೆಗೆ, ಎಂಥವರ ಮುಂದೆ ಆಡಿದ ಮಾತು ಎಂಬುದು ಮುನ್ನುಡಿಯ ಒಂದು ಸಾಲಾಗಿ ಉಳಿಯುತ್ತದೆ. ಕೇಳಿದವರು ಏನು ಹೇಳಿದರು ಎಂಬುದು ಆ ಒಂದು ಸಾಲಾಗಿಯೂ ಉಳಿಯುವುದಿಲ್ಲ. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ಗಾದೆ ಆಡುವವನಿಗೆ ಎಚ್ಚರ ಹೇಳುತ್ತದೆ. ಅಚ್ಚಿನ ಯುಗದಲ್ಲಿ ಆಡಿದ ಮಾತು ಉಳಿಯಿತು; ಹೋದದ್ದು ಮರುಮಾತು.

ನೀತಿ, ಸಂಸ್ಕೃತಿ, ರಾಜಕಾರಣ, ಸಮಾಜ ಇವುಗಳನ್ನು ಕುರಿತ ಸಾರ್ವಜನಿಕ ಉಪನ್ಯಾಸವನ್ನು ವಿಮರ್ಶಿಸುವಾಗ ಅದರ ವಿಚಾರವನ್ನು ಮಾತ್ರ ತೂಗಿದರೆ ಸಾಲದು, ಆ ಮಾತು ಮರುಮಾತಿಗೆ ಎಷ್ಟು ಜಾಗ ಬಿಟ್ಟಿತ್ತು, ಮರುಮಾತು ಬಂದಾಗ ಏನಾಯಿತು ಎಂಬುದನ್ನೂ ಸೇರಿಸಿಯೇ ಅದರ ಬೆಲೆ ಕಟ್ಟಬೇಕು ಎಂಬುದು ಈ ಲೇಖನದ ನಿಲುವು. ನೀತಿಯನ್ನು ಕುರಿತು ಮಾತನಾಡುವುದು ಬೇರೆ, ಮಾತಿನ ಸಂದರ್ಭವೇ ನೀತಿಯುತವಾಗಿರುವುದು ಬೇರೆ. ಎರಡೂ ಯಾವಾಗಲೂ ಜೊತೆಯಾಗಿ ಇರುವುದಿಲ್ಲ.

ಈ ಪ್ರಶ್ನೆ ಹೊರನಾಡಿನ ಕನ್ನಡಿಗನಿಗೆ ವಿಶೇಷವಾಗಿ ತಟ್ಟುವಂಥದು. ಅಹಮದಾಬಾದಿನ ಪಶ್ಚಿಮದ ಅಂಚಿನಲ್ಲಿರುವ ಬೋಪಾಲ್ (ಮಧ್ಯಪ್ರದೇಶದ ಭೋಪಾಲವಲ್ಲ) ಬಹುಕಾಲ ಹಳ್ಳಿಯಾಗಿದ್ದು, 2020ರಲ್ಲಿ ಮಹಾನಗರಪಾಲಿಕೆಯ ವ್ಯಾಪ್ತಿಗೆ ಸೇರಿತು. ಇಂಥ ಬಡಾವಣೆಯ ಮನೆಯಲ್ಲಿ ಕುಳಿತ ಕನ್ನಡಿಗನಿಗೆ ಧಾರವಾಡದ ಅಥವಾ ಬೆಂಗಳೂರಿನ ಉಪನ್ಯಾಸ ಈಗ ಧ್ವನಿಮುದ್ರಣವಾಗಿ ಕೈಯಲ್ಲಿರುವ ಫೋನಿಗೇ ಬರುತ್ತದೆ. ಅವನು ಎಲ್ಲವನ್ನೂ ಕೇಳಬಲ್ಲ, ಏನನ್ನೂ ಮರುನುಡಿಯಲಾರ. ಬಹಳಷ್ಟು ಮುದ್ರಣಗಳು ಭಾಷಣಕಾರ ಮಾತು ಮುಗಿಸಿದ ಗಳಿಗೆಯಲ್ಲೇ ನಿಂತುಹೋಗುತ್ತವೆ. ಪ್ರಶ್ನೋತ್ತರದ ಭಾಗವಿದ್ದರೂ ಪ್ರಶ್ನೆ ಕೇಳಿದವರ ದನಿ ಧ್ವನಿವರ್ಧಕದಿಂದ ದೂರವಿದ್ದು ಅಸ್ಪಷ್ಟವಾಗಿರುತ್ತದೆ. ಅಚ್ಚು ಮಾಡಿದ್ದನ್ನೇ ಯಂತ್ರವೂ ಮಾಡುತ್ತಿದೆ. ಆದ್ದರಿಂದ ಕೇಳುಗನ ದನಿ ದಾಖಲೆಯಲ್ಲಿ ಉಳಿದಿರುವ ಒಂದು ಪ್ರಸಂಗವನ್ನು ಮೊದಲು ನೋಡುವುದು ಒಳ್ಳೆಯದು. ಅಂಥದೊಂದು ಪ್ರಸಂಗ ಇದೇ ನಗರದಲ್ಲಿ ನಡೆದಿದೆ.

2

ಗುಜರಾತಿಯ ಆಧುನಿಕ ಗದ್ಯಕ್ಕೂ ಸಾರ್ವಜನಿಕ ಭಾಷಣಕ್ಕೂ ಹುಟ್ಟಿನಿಂದಲೇ ನಂಟಿದೆ. ಸೂರತ್ತಿನ ನರ್ಮದ್ (1833–1886) ತಾರುಣ್ಯದಲ್ಲಿ ಮುಂಬಯಿಯಲ್ಲಿ ಮಾಡಿದ ಒಂದು ಭಾಷಣ ಗುಜರಾತಿ ಪ್ರಬಂಧದ ಆರಂಭಗಳಲ್ಲಿ ಒಂದೆಂದು ಗಣಿತವಾಗಿದೆ. ಅದರ ವಿಷಯ, ಮಂಡಳಿ ಕೂಡುವುದರಿಂದ ಆಗುವ ಲಾಭಗಳು. ಅಂದರೆ ಸಭೆ ತನ್ನ ಮೊದಲ ಮಾತನ್ನು ತನ್ನ ಬಗ್ಗೆಯೇ ಆಡಿಕೊಂಡಿತು. ಮುಂದೆ 1860ರಲ್ಲಿ ವಿಧವಾ ವಿವಾಹದ ಪ್ರಶ್ನೆಯ ಮೇಲೆ ಅದೇ ನರ್ಮದ್ ವೈಷ್ಣವ ಗುರುಪೀಠದ ಜದುನಾಥಜಿ ಮಹಾರಾಜರೊಡನೆ ಬಹಿರಂಗ ವಾದಕ್ಕೆ ನಿಂತರು. ಅಲ್ಲಿಯತನಕ ಪ್ರವಚನವನ್ನು ಕೇಳಿ ತಲೆಬಾಗಬೇಕಾಗಿದ್ದ ಕೇಳುಗ ಎದ್ದು ನಿಂತು ಎದುರಾಡಿದ್ದು ಇಲ್ಲಿನ ಮುಖ್ಯ ಸಂಗತಿ.

ಆದರೆ ನರ್ಮದ್ ವಿದ್ಯಾವಂತ, ಕವಿ. ಓದು ಬರಹವಿಲ್ಲದ ಕೇಳುಗ ಮರುನುಡಿದ ಪ್ರಸಂಗಕ್ಕೆ 1918ರ ಅಹಮದಾಬಾದಿಗೆ ಬರಬೇಕು. ಪ್ಲೇಗಿನ ಕಾಲದಲ್ಲಿ ಗಿರಣಿಯ ನೇಕಾರರಿಗೆ ಕೊಡುತ್ತಿದ್ದ ಭತ್ಯೆಯನ್ನು ಮಾಲೀಕರು ನಿಲ್ಲಿಸಲು ಹೊರಟಾಗ ವಿವಾದ ಎದ್ದಿತು. ಕೆಲಸಗಾರರು ಮೊದಲು ಶೇಕಡ 50ರಷ್ಟು ಹೆಚ್ಚಳ ಕೇಳಿದರು. ಮಾಲೀಕರು ಶೇಕಡ 20ಕ್ಕೆ ನಿಂತರು. ಗಾಂಧೀಜಿ ಲೆಕ್ಕ ಹಾಕಿ ಶೇಕಡ 35 ನ್ಯಾಯವೆಂದರು. ಫೆಬ್ರವರಿ 22ರಿಂದ ಗಿರಣಿಗಳ ಬಾಗಿಲು ಮುಚ್ಚಿತು. ಅಲ್ಲಿಂದ ಮುಂದೆ ಸಾಬರಮತಿಯ ದಂಡೆಯ ಜಾಲಿಮರದ ಕೆಳಗೆ ಪ್ರತಿದಿನವೂ ಸಭೆ ನಡೆಯಿತು. ಗಾಂಧೀಜಿ ಬರೆದ ಕರಪತ್ರಗಳು ಅನಸೂಯಾ ಸಾರಾಭಾಯಿಯವರ ಹೆಸರಿನಲ್ಲಿ ಹೊರಬರುತ್ತಿದ್ದವು. ಅವನ್ನು ಸಭೆಯಲ್ಲಿ ಓದಿ ವಿವರಿಸಲಾಗುತ್ತಿತ್ತು. ಪ್ರತಿಜ್ಞೆ ಎಂದರೇನು, ದ್ವೇಷವಿಲ್ಲದೆ ಎದುರಿಸುವುದು ಹೇಗೆ, ಕೆಲಸವಿಲ್ಲದ ದಿನಗಳನ್ನು ಹೇಗೆ ಕಳೆಯಬೇಕು ಇವು ಅಲ್ಲಿನ ವಿಷಯಗಳು. ಅನಸೂಯಾ ಅವರ ಸೋದರ ಅಂಬಾಲಾಲ್ ಸಾರಾಭಾಯಿಯವರೇ ಎದುರು ಪಕ್ಷದ ಮುಂದಾಳು. ನೀತಿ ಮತ್ತು ಸಮಾಜವನ್ನು ಕುರಿತ ಉಪನ್ಯಾಸಮಾಲೆಗೆ ಇದಕ್ಕಿಂತ ಕಠಿಣವಾದ ವೇದಿಕೆಯನ್ನು ಊಹಿಸುವುದು ಕಷ್ಟ.

ಈ ಪ್ರಸಂಗ ಇಲ್ಲಿಗೇ ನಿಂತಿದ್ದರೆ ಅದು ಮಹಾಪುರುಷನೊಬ್ಬನ ಉಪದೇಶದ ಕಥೆಯಾಗುತ್ತಿತ್ತು. ಮಾರ್ಚ್ 12ರಂದು ಗಿರಣಿಗಳ ಬಾಗಿಲು ತೆರೆದು, ಶೇಕಡ 20 ಒಪ್ಪಿದವರಿಗೆ ಕೆಲಸವುಂಟೆಂದು ಮಾಲೀಕರು ಸಾರಿದರು. ಬೆಳಗಿನ ಸಭೆಗೆ ಬರಲು ಹೇಳಲೆಂದು ಛಗನ್‌ಲಾಲ್ ಗಾಂಧಿಯವರು ಕೆಲಸಗಾರರ ಚಾಳಿಗೆ ಹೋದಾಗ ಅವರಿಗೆ ಮರುಮಾತು ಸಿಕ್ಕಿತು: ಗಾಂಧೀಜಿಗೂ ಅನಸೂಯಾಬೆನ್ನಿಗೂ ಏನು ಕಷ್ಟ, ಅವರು ಮೋಟಾರಿನಲ್ಲಿ ಬಂದು ಹೋಗುತ್ತಾರೆ, ಒಳ್ಳೆಯ ಊಟ ಮಾಡುತ್ತಾರೆ, ಸಾಯುತ್ತಿರುವವರು ನಾವು ಎಂಬ ಅರ್ಥದ ಮಾತು ಅದು. ಮಹಾದೇವ ದೇಸಾಯಿ ‘ಏಕ್ ಧರ್ಮಯುದ್ಧ’ದಲ್ಲಿ ಇದನ್ನು ಮುಚ್ಚಿಡದೆ ದಾಖಲಿಸಿದ್ದಾರೆ. ಮಾರ್ಚ್ 15ರಂದು ಗಾಂಧೀಜಿ ಸಭೆಯಲ್ಲಿಯೇ ಉಪವಾಸವನ್ನು ಘೋಷಿಸಿದರು. ಮೂರು ದಿನಗಳಲ್ಲಿ ಒಪ್ಪಂದವಾಯಿತು. ಆನಂದಶಂಕರ ಧ್ರುವ ಅವರು ಮಧ್ಯಸ್ಥರಾದರು.

ಆ ಉಪವಾಸ ಸರಿಯೇ ತಪ್ಪೇ ಎಂಬುದು ಬೇರೆ ಚರ್ಚೆ. ಅದು ಮಾಲೀಕರ ಮೇಲೆ ಒತ್ತಡವಾಗಿ ಬಿತ್ತು, ಆದ್ದರಿಂದ ಅದರಲ್ಲಿ ದೋಷವಿತ್ತು ಎಂದು ಗಾಂಧೀಜಿಯೇ ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ನಮ್ಮ ವಿಷಯಕ್ಕೆ ಬೇಕಾದದ್ದು ಇಷ್ಟು: ದಿನದಿನವೂ ಜಾಲಿಮರದ ಕೆಳಗೆ ನಡೆದ ಮಾತಿನಲ್ಲಿ ಇಲ್ಲದಿದ್ದ ಒಂದು ಸತ್ಯ ಚಾಳಿಯ ಕೇಳುಗನ ಬಾಯಲ್ಲಿತ್ತು. ಪ್ರತಿಜ್ಞೆಯನ್ನು ಬೋಧಿಸುವವನು ಮತ್ತು ಅದನ್ನು ಹಸಿವಿನಿಂದ ಪಾಲಿಸುವವನು ಒಂದೇ ನೆಲದಲ್ಲಿ ನಿಂತಿಲ್ಲ ಎಂಬುದೇ ಆ ಸತ್ಯ. ಅದನ್ನು ಕೇಳಿಸಿಕೊಂಡಾಗ ಭಾಷಣಕಾರ ತನ್ನ ಮಾತನ್ನಲ್ಲ, ತಾನು ನಿಂತ ನೆಲೆಯನ್ನೇ ಬದಲಿಸಬೇಕಾಯಿತು. ಆತ್ಮಕಥೆಯನ್ನು ಕನ್ನಡಕ್ಕೆ ತಂದ ಗೊರೂರು ರಾಮಸ್ವಾಮಿ ಅಯ್ಯಂಗಾರರ ಮೂಲಕ ನಮಗೆ ಈ ಉಪವಾಸದ ಪ್ರಕರಣ ಪರಿಚಿತವೇ. ಆದರೆ ಕರಪತ್ರಗಳ ಪಠ್ಯವನ್ನು ಮಾತ್ರ ಓದುವ ಸಂಶೋಧಕನಿಗೆ ಈ ತಿರುವು ಅರ್ಥವಾಗುವುದಿಲ್ಲ. ಮಹಾದೇವ ದೇಸಾಯಿಯವರಂಥ ದಾಖಲೆಗಾರರಿಲ್ಲದಿದ್ದರೆ ಚಾಳಿಯ ಮಾತು ಚಾಳಿಯಲ್ಲೇ ಉಳಿಯುತ್ತಿತ್ತು.

3

ಈ ಅಳತೆಗೋಲನ್ನು ಹಿಡಿದು ಕನ್ನಡದ ಎರಡು ಉಪನ್ಯಾಸಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬಹುದು. ಒಂದು 1911ರ ಧಾರವಾಡದ್ದು, ಇನ್ನೊಂದು 1973ರ ಮೈಸೂರಿನದು.

ಕರ್ನಾಟಕ ವಿದ್ಯಾವರ್ಧಕ ಸಂಘ 1890ರಲ್ಲಿ ರಾ.ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಧಾರವಾಡದಲ್ಲಿ ಹುಟ್ಟಿತು. ಮುಂಬಯಿ ಆಧಿಪತ್ಯದ ಆಡಳಿತದಲ್ಲಿ, ಮರಾಠಿಯ ಪ್ರಾಬಲ್ಯದ ನಡುವೆ, ಕನ್ನಡಕ್ಕೆ ಸಾರ್ವಜನಿಕ ಮಾತಿನ ಜಾಗವೊಂದನ್ನು ಕಟ್ಟುವುದು ಅದರ ಉದ್ದೇಶಗಳಲ್ಲಿ ಒಂದಾಗಿತ್ತು. ಅಲ್ಲಿಗೆ ಮೈಸೂರು ಸಂಸ್ಥಾನದಿಂದ ಬಂದ ಇಂಗ್ಲಿಷ್ ಅಧ್ಯಾಪಕ ಬಿ.ಎಂ. ಶ್ರೀಕಂಠಯ್ಯನವರು 1911ರಲ್ಲಿ ‘ಕನ್ನಡ ಮಾತು ತಲೆ ಎತ್ತುವ ಬಗೆ’ ಎಂಬ ಉಪನ್ಯಾಸವನ್ನು ಮಾಡಿದರು. ಹೊಸಗನ್ನಡ ಸಾಹಿತ್ಯದ ಯಾವ ಚರಿತ್ರೆಯೂ ಇದನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಆದರೆ ನಾವು ಅದನ್ನು ಹೇಗೆ ಓದಿದ್ದೇವೆ? ನವೋದಯದ ಮುನ್ಸೂಚನೆಯಾಗಿ, ಒಬ್ಬ ದಾರ್ಶನಿಕನ ಸ್ವಗತವೋ ಎಂಬಂತೆ ಓದಿದ್ದೇವೆ. ಒಂದು ಆಡಳಿತದ ಕನ್ನಡಿಗ ಇನ್ನೊಂದು ಆಡಳಿತದ ಕನ್ನಡಿಗರ ಮುಂದೆ ನಿಂತು ‘ನಮ್ಮ’ ಭಾಷೆ ಎಂದಾಗ, ಆ ‘ನಮ್ಮ’ ಎಂಬ ಪದವೇ ಆ ಸಭೆಯಲ್ಲಿ ಕಟ್ಟಲ್ಪಡುತ್ತಿತ್ತು. 1956ರ ಏಕೀಕರಣಕ್ಕೆ 45 ವರ್ಷ ಮೊದಲಿನ ಮಾತು ಅದು. ಅದನ್ನು ಸಾಧ್ಯಗೊಳಿಸಿದ್ದರಲ್ಲಿ ಕೇಳುಗರ ಪಾಲೂ ಇದೆ. ಪಠ್ಯ ಉಳಿದಿದೆ, ಸಭೆ ಉಳಿದಿಲ್ಲ.

1973ರ ನವೆಂಬರ್ 19ರಂದು ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಮಾಡಿದ ಭಾಷಣದ ಗತಿ ಇದಕ್ಕೆ ತದ್ವಿರುದ್ಧವಾದುದು. ದೇವರಾಜ ಅರಸು ಸಂಪುಟದ ಸಚಿವರಾಗಿದ್ದ ಅವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ್ದವರು. ಕನ್ನಡ ಸಾಹಿತ್ಯದಲ್ಲಿ ಬಹುಭಾಗ ಬೂಸಾ ಎಂಬ ಅವರ ಮಾತು ರಾಜ್ಯದ ಉದ್ದಗಲಕ್ಕೂ ಗಲಭೆಗೆ ಕಾರಣವಾಯಿತು. ಪ್ರತಿಭಟನೆಗಳು ನಡೆದವು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಸಚಿವರು ಸ್ಥಾನವನ್ನು ಬಿಡಬೇಕಾಯಿತು. ಕುವೆಂಪು ಅವರು ಬಸವಲಿಂಗಪ್ಪನವರ ಮಾತಿನಲ್ಲಿ ಹುರುಳಿದೆಯೆಂದು ಅವರ ಬೆಂಬಲಕ್ಕೆ ನಿಂತರು. ಅನಂತರದ ವರ್ಷಗಳಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆಯಿತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ರೂಪುಗೊಂಡಿತು. ಈ ಎರಡರ ಹಿನ್ನೆಲೆಯಲ್ಲೂ ಬೂಸಾ ಪ್ರಕರಣದ ನೆನಪಿದೆ. ಆದರೆ ಆ ಭಾಷಣದಿಂದ ಸಾರ್ವಜನಿಕ ಸ್ಮೃತಿಯಲ್ಲಿ ಉಳಿದದ್ದು ಒಂದೇ ಪದ. ಆ ಪದಕ್ಕೆ ಮೊದಲು ಏನಿತ್ತು, ಆಮೇಲೆ ಏನಿತ್ತು, ಯಾವ ವಾದದ ಯಾವ ಹೆಜ್ಜೆಯಲ್ಲಿ ಅದು ಬಂತು ಎಂಬುದನ್ನು ಬಹುಪಾಲು ಉಲ್ಲೇಖಗಳು ಕೇಳುವುದೇ ಇಲ್ಲ.

ಹೀಗೆ ಒಂದು ಉಪನ್ಯಾಸ ಕೇಳುಗರಿಲ್ಲದ ಪಠ್ಯವಾಗಿ ಉಳಿಯಿತು. ಇನ್ನೊಂದು ಪಠ್ಯವಿಲ್ಲದ ಪ್ರತಿಕ್ರಿಯೆಯಾಗಿ ಉಳಿಯಿತು. ಎರಡೂ ಅರ್ಧ ದಾಖಲೆಗಳೇ. ಆದರೆ ಈ ಎರಡು ಅರ್ಧಗಳು ಸಮನಾಗಿಲ್ಲ ಎಂಬುದನ್ನು ಗಮನಿಸಬೇಕು. ಭಾಷೆಯ ಹೆಮ್ಮೆಯನ್ನು ಕಟ್ಟಿದ ಮಾತಿಗೆ ಸಾಹಿತ್ಯ ಚರಿತ್ರೆ ಪೂರ್ಣ ಪಾಠವನ್ನು ಕೊಟ್ಟಿತು. ಆ ಹೆಮ್ಮೆಯೊಳಗೆ ಯಾರಿಗೆ ಜಾಗವಿಲ್ಲ ಎಂದು ಕೇಳಿದ ಮಾತಿಗೆ ಒಂದು ಪದದ ಅಡ್ಡಹೆಸರನ್ನು ಕೊಟ್ಟಿತು. 1911ರಲ್ಲಿ ಕಟ್ಟಿಕೊಂಡ ‘ನಮ್ಮ’ ಎಂಬುದಕ್ಕೆ 1973ರದು 62 ವರ್ಷ ತಡವಾಗಿ ಬಂದ ಮರುಮಾತು ಎಂದು ಓದಿದರೆ ಎರಡೂ ಉಪನ್ಯಾಸಗಳು ಹೊಸದಾಗಿ ತೆರೆದುಕೊಳ್ಳುತ್ತವೆ. ಕನ್ನಡ ತಲೆ ಎತ್ತಬೇಕು ಎಂದವರೊಬ್ಬರು. ತಲೆಯ ಮೇಲೆ ಮಲ ಹೊತ್ತವನು ಈ ಭಾಷೆಯಲ್ಲಿ ಹೇಗೆ ತಲೆ ಎತ್ತಬೇಕು ಎಂಬ ಪ್ರಶ್ನೆಯನ್ನು ಮುಂದಿಟ್ಟವರು ಇನ್ನೊಬ್ಬರು. ಇವೆರಡನ್ನು ಒಂದೇ ವಾಗ್ವಾದದ ಎರಡು ಕೊನೆಗಳಾಗಿ ಕಾಣದಿರುವುದು ನಮ್ಮ ವಿಮರ್ಶೆಯ ಕೊರತೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಮರುಮಾತಿಗೆ ಇಷ್ಟು ಬೆಲೆ ಕೊಡುವುದಾದರೆ 1973ರ ಗಲಭೆಯೂ ಕೇಳುಗರ ಮರುಮಾತೇ ಅಲ್ಲವೆ? ಅಲ್ಲ. ಮರುಮಾತು ಮಾತಾಗಿರಬೇಕು. ಎದುರಿನವನು ಮತ್ತೊಮ್ಮೆ ಬಾಯಿ ತೆರೆಯುವ ಅವಕಾಶವನ್ನು ಉಳಿಸಿ ಆಡಿದ್ದು ಮರುಮಾತು; ಆ ಅವಕಾಶವನ್ನೇ ಮುಗಿಸಲು ಹೊರಟದ್ದು ಮರುಮಾತಿನ ನಿರಾಕರಣೆ. ಚಾಳಿಯ ಕೆಲಸಗಾರ ಗಾಂಧೀಜಿಯನ್ನು ಚುಚ್ಚಿದ, ಸಭೆಯನ್ನು ಒಡೆಯಲಿಲ್ಲ. 1973ರಲ್ಲಿ ಬಂದ ನಿಜವಾದ ಮರುಮಾತುಗಳು ಬೀದಿಯ ಕಲ್ಲುಗಳಲ್ಲಿ ಇರಲಿಲ್ಲ. ಆಮೇಲೆ ಬರೆದ ಕವಿತೆ, ಕಥೆ, ಹೋರಾಟದ ಹಾಡುಗಳಲ್ಲಿದ್ದವು.

4

ಮರುಮಾತಿನ ಅವಕಾಶ ಭಾಷಣಕಾರನ ಸೌಜನ್ಯವನ್ನು ಮಾತ್ರ ಅವಲಂಬಿಸಿಲ್ಲ. ಸಭೆಯ ಆಕೃತಿಯನ್ನೂ ಅವಲಂಬಿಸಿದೆ. ಕನ್ನಡದಲ್ಲಿ ಬೆಳೆದು ಬಂದ ಕೆಲವು ಆಕೃತಿಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು.

ಘಟಿಕೋತ್ಸವ ಭಾಷಣ ಇವುಗಳಲ್ಲಿ ಅತ್ಯಂತ ಮುಚ್ಚಿದ ಆಕೃತಿ. ನಿಲುವಂಗಿ ತೊಟ್ಟವರ ಸಾಲು, ಮುಂದೆ ಪದವೀಧರರು. ಪ್ರಶ್ನೆ ಕೇಳುವ ಪದ್ಧತಿಯೇ ಇಲ್ಲ. ಕುವೆಂಪು ಅವರ ‘ವಿಚಾರಕ್ರಾಂತಿಗೆ ಆಹ್ವಾನ’ 1974ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಘಟಿಕೋತ್ಸವದಲ್ಲಿ ಮಾಡಿದ ಭಾಷಣ. ಯಾವ ಗುರುವಿಗೂ ಗ್ರಂಥಕ್ಕೂ ಕುರುಡಾಗಿ ತಲೆಬಾಗಬೇಡಿ ಎಂಬ ಆಶಯದ ಮಾತು, ತಲೆಬಾಗಿ ಕೇಳುವುದೊಂದೇ ಸಾಧ್ಯವಿರುವ ವೇದಿಕೆಯಿಂದ ಬಂತು. ಈ ವಿರೋಧಾಭಾಸವನ್ನು ದೋಷವೆಂದು ಎಣಿಸಬೇಕಾಗಿಲ್ಲ. ಆ ಭಾಷಣಕ್ಕೆ ‘ಆಹ್ವಾನ’ ಎಂದು ಹೆಸರಿಟ್ಟದ್ದು ಅರ್ಥಪೂರ್ಣ. ಆಹ್ವಾನಕ್ಕೆ ಉತ್ತರ ಸಭೆಯಲ್ಲಿ ಸಿಗಬೇಕಾಗಿಲ್ಲ, ಬದುಕಿನಲ್ಲಿ ಸಿಗಬೇಕು. ಆದರೂ ಆ ಭಾಷಣದ ವಾಕ್ಯರಚನೆಯನ್ನು, ಅದರ ಆದೇಶದ ಧಾಟಿಯನ್ನು ವಿಮರ್ಶಿಸುವವರು ವೇದಿಕೆಯ ಆಕೃತಿಯನ್ನು ಮರೆತರೆ ತಪ್ಪು ತೀರ್ಮಾನಕ್ಕೆ ಬರುತ್ತಾರೆ. ಧಾಟಿಯಲ್ಲಿ ಕವಿಯ ಸ್ವಭಾವದಷ್ಟೇ ಘಟಿಕೋತ್ಸವದ ಪಾತ್ರವೂ ಇದೆ.

ಇದಕ್ಕೆ ಎದುರಾದ ಆಕೃತಿ ಅಧ್ಯಯನ ಗೋಷ್ಠಿ. ಡಿ.ವಿ. ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯ ಹೆಸರಿನಲ್ಲೇ ಉದ್ದೇಶ ಸ್ಪಷ್ಟವಾಗಿದೆ. ರಾಜ್ಯವ್ಯವಹಾರ ಮತ್ತು ನೀತಿ ಎರಡನ್ನೂ ಒಂದೇ ಚಾವಡಿಯಲ್ಲಿ ಕೂತು ಚರ್ಚಿಸಬೇಕೆಂಬುದು ಗೋಖಲೆಯವರ ಪರಂಪರೆಯಿಂದ ಅವರು ಪಡೆದ ಪಾಠ. ಅಲ್ಲಿನ ಗೋಷ್ಠಿಗಳಲ್ಲಿ ಅವರು ಗೀತೆಯನ್ನು ಕುರಿತು ಆಡಿದ ಮಾತುಗಳಿಂದ ಬೆಳೆದ ‘ಜೀವನಧರ್ಮಯೋಗ’ಕ್ಕೆ 1967ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಗ್ರಂಥದ ಗದ್ಯದಲ್ಲಿ ಎದುರು ಕುಳಿತವನ ಸಂದೇಹವನ್ನು ತಾನೇ ಎತ್ತಿಕೊಂಡು ಬಿಡಿಸುವ ರೀತಿ ಉದ್ದಕ್ಕೂ ಕಾಣುತ್ತದೆ. ಇದು ಭಾಷ್ಯಕಾರರ ಪೂರ್ವಪಕ್ಷದ ಕ್ರಮವೂ ಹೌದು, ಗೋಷ್ಠಿಯ ಕೇಳುಗನ ನೆರಳೂ ಹೌದು. ಆದರೆ ಪೂರ್ವಪಕ್ಷವನ್ನು ಕಟ್ಟುವವನು ಸಿದ್ಧಾಂತಿಯೇ. ಕೇಳುಗನ ಸಂದೇಹ ಅಲ್ಲಿ ಪರಿಹಾರಕ್ಕಾಗಿಯೇ ಹುಟ್ಟುತ್ತದೆ. ಪರಿಹಾರವಾಗದೆ ಉಳಿದ ಸಂದೇಹಗಳು ಆ ಗೋಷ್ಠಿಯಲ್ಲಿ ಇದ್ದಿರಬೇಕು. ಅವು ಪುಸ್ತಕದೊಳಗೆ ಬರಲು ಆ ಕ್ರಮದಲ್ಲಿ ಬಾಗಿಲಿಲ್ಲ.

ಮೂರನೆಯದು ವಿಶ್ವವಿದ್ಯಾನಿಲಯ ಹಳ್ಳಿಗೆ ಹೋದ ಆಕೃತಿ. ಮೈಸೂರು ವಿಶ್ವವಿದ್ಯಾನಿಲಯ 1930ರ ದಶಕದಲ್ಲಿ ಆರಂಭಿಸಿದ ಪ್ರಚಾರೋಪನ್ಯಾಸಗಳು ಅಧ್ಯಾಪಕರನ್ನು ತರಗತಿಯಿಂದ ಊರಿನ ಸಭೆಗೆ ಕಳಿಸಿದವು. ಆ ಮಾತುಗಳು ಕಿರುಹೊತ್ತಗೆಗಳಾಗಿ ಬಂದು, ಶಾಸ್ತ್ರವಿಷಯಗಳನ್ನು ಕನ್ನಡದಲ್ಲಿ ಹೇಳುವ ಗದ್ಯವನ್ನು ಕಟ್ಟಿದವು. ಈ ಗದ್ಯದ ಸರಳತೆಯನ್ನು ನಾವು ಲೇಖಕರ ಗುಣವೆಂದು ಹೊಗಳುತ್ತೇವೆ. ಅರ್ಥವಾಗದಿದ್ದರೆ ಎದ್ದು ಹೋಗಬಲ್ಲ ಕೇಳುಗ ಅದಕ್ಕೆ ಅರ್ಧ ಕಾರಣ. ಎದ್ದು ಹೋಗುವುದೂ ಒಂದು ಬಗೆಯ ಮರುಮಾತೇ.

ಇಂದು ಅತಿ ಸಾಮಾನ್ಯವಾದದ್ದು ದತ್ತಿ ಉಪನ್ಯಾಸ. ಹಿರಿಯರ ನೆನಪಿನಲ್ಲಿ ಇಟ್ಟ ಇಡುಗಂಟಿನ ಬಡ್ಡಿಯಿಂದ ವರ್ಷಕ್ಕೊಂದು ಮಾತು. ಪ್ರಾರ್ಥನೆ, ಸ್ವಾಗತ, ದತ್ತಿದಾನಿಗಳ ಪರಿಚಯ, ಉಪನ್ಯಾಸ, ಅಧ್ಯಕ್ಷರ ನುಡಿ, ವಂದನಾರ್ಪಣೆ ಎಂಬ ಕ್ರಮದಲ್ಲಿ ಪ್ರಶ್ನೆಗೆ ಸ್ಥಾನವಿಲ್ಲ; ಇದ್ದರೂ ‘ಸಮಯದ ಅಭಾವ’ ಎಂಬ ಎರಡು ಪದಗಳಲ್ಲಿ ಅದು ಮುಗಿಯುತ್ತದೆ. ಸಣ್ಣ ಊರುಗಳಲ್ಲಿ ವಿಚಾರದ ಸಭೆಗಳನ್ನು ಬದುಕಿಸಿಟ್ಟಿರುವುದರಲ್ಲಿ ದತ್ತಿಗಳ ಉಪಕಾರ ದೊಡ್ಡದು. ಆದರೆ ಅಧ್ಯಕ್ಷರ ನುಡಿಯೇ ಏಕೈಕ ಮರುಮಾತಾಗಿ, ಅದೂ ಹೊಗಳಿಕೆಯ ಮರುಮಾತಾಗಿ, ನಿಂತಿರುವುದು ಆ ಆಕೃತಿಯ ಮಿತಿ.

ಈ ಎಲ್ಲ ಆಕೃತಿಗಳನ್ನು ಪ್ರಜ್ಞಾಪೂರ್ವಕವಾಗಿ ತಿದ್ದಿದ ಪ್ರಯೋಗವೆಂದರೆ ಹೆಗ್ಗೋಡಿನದು. 1949ರಲ್ಲಿ ಹುಟ್ಟಿದ ನೀನಾಸಮ್, ಕೆ.ವಿ. ಸುಬ್ಬಣ್ಣನವರ ಕಲ್ಪನೆಯಲ್ಲಿ ನಡೆಸಿಕೊಂಡು ಬಂದ ಸಂಸ್ಕೃತಿ ಶಿಬಿರದಲ್ಲಿ ಉಪನ್ಯಾಸ ಒಂದು ಗಂಟೆಯ ಘಟನೆಯಲ್ಲ. ಹಲವು ದಿನಗಳ ಸಹವಾಸದ ಒಂದು ಭಾಗ. ಹಗಲು ಮಾತು, ಸಂಜೆ ನಾಟಕ, ಮರುದಿನ ಆ ನಾಟಕದ ಮೇಲೆ ಮತ್ತೆ ಮಾತು. ಭಾಷಣಕಾರನೂ ಕೇಳುಗನೂ ಒಂದೇ ಸಾಲಿನಲ್ಲಿ ಊಟಕ್ಕೆ ಕೂರುತ್ತಾರೆ. ಸಭೆಯಲ್ಲಿ ಬಾಯಿ ಬಿಡದವನು ಊಟದ ಎಲೆಯ ಮುಂದೆ ಬಾಯಿ ಬಿಡುತ್ತಾನೆ. ಆ ಸಂಸ್ಥೆಯ ಪತ್ರಿಕೆಗೆ ‘ಮಾತುಕತೆ’ ಎಂದು ಹೆಸರಿಟ್ಟದ್ದು ಆಕಸ್ಮಿಕವೆಂದು ತೋರುವುದಿಲ್ಲ. ಅದು ಇಬ್ಬರಿಲ್ಲದೆ ಅರ್ಥವೇ ಆಗದ ಪದ. 1918ರಲ್ಲಿ ಮೋಟಾರಿನಲ್ಲಿ ಬಂದು ಹೋಗುವವರೆಂದು ಚುಚ್ಚಿದ ಕೇಳುಗನ ದೂರು, ಭಾಷಣಕಾರ ಉಳಿದುಕೊಳ್ಳುವ ಶಿಬಿರದಲ್ಲಿ ಸ್ವಲ್ಪ ಮಟ್ಟಿಗಾದರೂ ಪರಿಹಾರ ಕಂಡಿದೆ. ಆದರೆ ಅಷ್ಟು ದಿನ ಕೆಲಸ ಬಿಟ್ಟು ಬರಬಲ್ಲವರು ಯಾರು ಎಂಬ ಪ್ರಶ್ನೆ ಅಲ್ಲಿಯೂ ಉಳಿಯುತ್ತದೆ.

5

ಮರುಮಾತನ್ನು ಪಠ್ಯದಲ್ಲಿ ಉಳಿಸುವುದು ಕನ್ನಡಕ್ಕೆ ಅಸಾಧ್ಯವಾದ ಕೆಲಸವೇನೂ ಅಲ್ಲ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಆರಂಭಿಸಿ, ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಇವರು ಮುಂದುವರಿಸಿದ ಶೂನ್ಯಸಂಪಾದನೆಯ ಪರಂಪರೆ ನಮ್ಮ ಮುಂದಿದೆ. ಬಿಡಿಬಿಡಿಯಾಗಿ ದೊರೆತ ವಚನಗಳನ್ನು ಈ ಸಂಕಲನಕಾರರು ಸಂವಾದವಾಗಿ ಜೋಡಿಸಿದರು. ಅಲ್ಲಮನ ಮಾತಿಗೆ ಮುಕ್ತಾಯಕ್ಕನ ಎದುರುಮಾತು, ಅಕ್ಕಮಹಾದೇವಿಗೆ ಅಲ್ಲಮನ ಪರೀಕ್ಷೆ, ಸಿದ್ಧರಾಮನ ಕಾಯಕದ ಹೆಮ್ಮೆಗೆ ಅಲ್ಲಮನ ಚುಚ್ಚು. ಈ ಸಂವಾದಗಳು ಹನ್ನೆರಡನೆಯ ಶತಮಾನದಲ್ಲಿ ಹೀಗೆಯೇ ನಡೆದವೇ ಎಂಬುದು ಚರಿತ್ರಕಾರರ ಪ್ರಶ್ನೆ. ನಮಗೆ ಮುಖ್ಯವಾದದ್ದು ಆ ಸಂಪಾದಕರ ತಿಳುವಳಿಕೆ: ಅನುಭಾವದ ಮಾತು ಒಂಟಿಯಾಗಿ ನಿಂತರೆ ಅರ್ಧ, ಅದು ಯಾರಿಗೆ ಉತ್ತರ, ಯಾರಿಂದ ಉತ್ತರ ಪಡೆಯಿತು ಎಂಬುದನ್ನು ಕೂಡಿಸಿದಾಗಲೇ ಅದು ಪೂರ್ಣ. ಆಧುನಿಕ ಸಂಪಾದಕರು ನಡೆದ ಸಂವಾದದಿಂದ ಒಂಟಿ ಮಾತನ್ನು ಬಿಡಿಸಿ ತೆಗೆದರು. ಶೂನ್ಯಸಂಪಾದನಕಾರರು ಒಂಟಿ ಮಾತುಗಳಿಂದ ಸಂವಾದವನ್ನು ಕಟ್ಟಿದರು. ಸಾರ್ವಜನಿಕ ಉಪನ್ಯಾಸದ ಸಂಪಾದನೆಗೆ ಯಾವುದು ಮಾದರಿಯಾಗಬೇಕೆಂಬುದನ್ನು ನಾವು ಇನ್ನೂ ಯೋಚಿಸಿಲ್ಲ.

ಆ ವಚನ ಪರಂಪರೆಯನ್ನೇ ಜೀವಮಾನದ ಸಂಶೋಧನೆಯ ವಿಷಯವಾಗಿಸಿಕೊಂಡ ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಿನಲ್ಲಿ ಗುಂಡಿಟ್ಟು ಕೊಂದರು. ‘ಮಾರ್ಗ’ದ ಮೊದಲ ಸಂಪುಟದ ಕೆಲವು ಬರಹಗಳನ್ನು 1989ರಲ್ಲಿ ಒತ್ತಡಕ್ಕೆ ಮಣಿದು ಹಿಂತೆಗೆದುಕೊಳ್ಳಬೇಕಾಗಿ ಬಂದಿದ್ದ ವಿದ್ವಾಂಸರು ಅವರು. ಬಿ.ಎಂ.ಶ್ರೀ. ಕನ್ನಡ ತಲೆ ಎತ್ತುವ ಬಗೆಯನ್ನು ಹೇಳಿದ ಊರಿನಲ್ಲೇ ಇದು ನಡೆಯಿತು. ಸಂಶೋಧಕನ ಮಾತನ್ನು ಒಪ್ಪದವನಿಗೆ ಶಾಸನ, ಹಸ್ತಪ್ರತಿ, ವಾದ ಇವೆಲ್ಲ ತೆರೆದಿದ್ದವು. ಅವುಗಳಲ್ಲಿ ಯಾವುದನ್ನೂ ಬಳಸದೆ ಮಾತಾಡುವವನನ್ನೇ ಇಲ್ಲವಾಗಿಸಿದ್ದು ಮರುಮಾತಿನ ಸಂಪೂರ್ಣ ನಾಶ. ಕಲಬುರ್ಗಿಯವರ ತೀರ್ಮಾನಗಳನ್ನು ಒಪ್ಪದ ವಿದ್ವಾಂಸರಿಗೂ ಇದರಿಂದ ನಷ್ಟವಾಯಿತು; ಅವರ ಆಕ್ಷೇಪಗಳಿಗೆ ಇನ್ನು ಉತ್ತರ ಬರುವುದಿಲ್ಲ.

ಇದಕ್ಕೆ ಗುಜರಾತಿನಿಂದ ಒಂದು ಮರುಮಾತು ಬಂತು. ವಡೋದರಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದು, ಅದೇ ನಗರದಲ್ಲಿ 1996ರಲ್ಲಿ ಭಾಷಾ ಸಂಶೋಧನ ಕೇಂದ್ರವನ್ನು ಕಟ್ಟಿದ ಗಣೇಶ ದೇವಿಯವರು, ಕಲಬುರ್ಗಿಯವರ ಹತ್ಯೆಯ ಬಳಿಕ ತಮ್ಮ ಅಕಾಡೆಮಿ ಪ್ರಶಸ್ತಿಯನ್ನು ಮರಳಿಸಿದರು. 2016ರಲ್ಲಿ ಧಾರವಾಡಕ್ಕೆ ಬಂದು ನೆಲೆಸಿದರು. ಅವರು ಮುಂದಾಳಾಗಿ ನಡೆಸಿದ ದಕ್ಷಿಣಾಯನದ ಸಭೆಗಳ ರಾಜಕೀಯ ನಿಲುವನ್ನು ಒಪ್ಪಬಹುದು, ಒಪ್ಪದಿರಬಹುದು. ವಿಮರ್ಶೆಗೆ ಮುಖ್ಯವಾಗುವುದು ಆ ಕ್ರಿಯೆಯ ಅರ್ಥ. ಮಾತು ಕಡಿದು ಬಿದ್ದ ಸ್ಥಳಕ್ಕೆ ದೂರದ ಕೇಳುಗನೊಬ್ಬ ಬಂದು ನಿಂತ. 1918ರಲ್ಲಿ ಭಾಷಣಕಾರ ತನ್ನ ನೆಲೆಯನ್ನು ಬದಲಿಸಿದ್ದ. ಇಲ್ಲಿ ಕೇಳುಗ ತನ್ನ ನೆಲೆಯನ್ನು ಬದಲಿಸಿದ. ಎರಡೂ ಕಡೆ, ಮಾತಿಗೆ ತೆತ್ತ ಬೆಲೆಯಿಂದಲೇ ಮಾತಿನ ಅರ್ಥ ನಿರ್ಧಾರವಾಯಿತು.

6

ಮೇಲಿನ ಚರ್ಚೆಯಿಂದ ಸಂಶೋಧನೆಯ ಕ್ರಮಕ್ಕೆ ಸಂಬಂಧಿಸಿದ ಕೆಲವು ಸೂಚನೆಗಳು ಹೊರಡುತ್ತವೆ. ಉಪನ್ಯಾಸವೊಂದನ್ನು ಸಂಪಾದಿಸುವಾಗ ಅದರ ದಿನಾಂಕ, ಸ್ಥಳಗಳ ಜೊತೆಗೆ ಆಹ್ವಾನಿಸಿದವರು, ಅಧ್ಯಕ್ಷತೆ ವಹಿಸಿದವರು, ಸಭೆಯ ಸ್ವರೂಪ ಇವನ್ನೂ ದಾಖಲಿಸಬೇಕು. ಆ ಕಾಲದ ಪತ್ರಿಕೆಗಳ ವರದಿ, ವಾಚಕರ ಪತ್ರ, ಕೇಳಿದವರ ದಿನಚರಿ ಮತ್ತು ಆತ್ಮಕಥನಗಳಲ್ಲಿ ಚೆದುರಿರುವ ಪ್ರತಿಕ್ರಿಯೆಗಳನ್ನು ಅನುಬಂಧವೆಂದು ಎಣಿಸದೆ ಪಠ್ಯದ ಭಾಗವೆಂದೇ ಪರಿಗಣಿಸಬೇಕು. ಧ್ವನಿಮುದ್ರಣಗಳನ್ನು ಸಂಗ್ರಹಿಸುವ ಸಂಸ್ಥೆಗಳು ಪ್ರಶ್ನೋತ್ತರವನ್ನು ಕತ್ತರಿಸದೆ ಇಡಬೇಕು. ಪ್ರಶ್ನೆ ಕೇಳುವವರ ಬಳಿಗೂ ಧ್ವನಿವರ್ಧಕ ಹೋಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪಠ್ಯ ಉಳಿಯದ ಭಾಷಣಗಳ ಬಗ್ಗೆ, ಅವು ಏಕೆ ಉಳಿಯಲಿಲ್ಲ ಎಂಬ ಪ್ರಶ್ನೆಯನ್ನು ಎತ್ತಬೇಕು. ಉಳಿದದ್ದರ ಪಟ್ಟಿ ಎಷ್ಟೋ ವೇಳೆ ಯಜಮಾನಿಕೆಯ ಪಟ್ಟಿಯೂ ಆಗಿರುತ್ತದೆ.

ರಾಜ್ಯದ ಹೊರಗಿರುವ ಸಂಶೋಧಕರಿಗೆ ಇಲ್ಲೊಂದು ಅನುಕೂಲವಿದೆ. 1967ರ ಜ್ಞಾನಪೀಠ ಪ್ರಶಸ್ತಿಯನ್ನು ಕುವೆಂಪು ಮತ್ತು ಉಮಾಶಂಕರ ಜೋಶಿ ಹಂಚಿಕೊಂಡರು. ಇಬ್ಬರೂ ಕವಿಗಳು, ಇಬ್ಬರೂ ಕುಲಪತಿಗಳಾಗಿದ್ದವರು, ಇಬ್ಬರೂ ಸಾರ್ವಜನಿಕ ಮಾತನ್ನು ಕವಿಯ ಹೊಣೆಯೆಂದು ತಿಳಿದವರು. ಒಬ್ಬರು ಘಟಿಕೋತ್ಸವದ ವೇದಿಕೆಯಿಂದ ವಿಚಾರಕ್ರಾಂತಿಗೆ ಕರೆದರು. ಇನ್ನೊಬ್ಬರು ನಾಮನಿರ್ದೇಶಿತ ಸದಸ್ಯರಾಗಿ ರಾಜ್ಯಸಭೆಯಲ್ಲಿ ತುರ್ತುಪರಿಸ್ಥಿತಿಯನ್ನು ವಿರೋಧಿಸಿ ಮಾತನಾಡಿದರು. ಶಾಸನಸಭೆಯ ನಡಾವಳಿ ಮರುಮಾತನ್ನೂ ಅಡ್ಡಮಾತನ್ನೂ ದಾಖಲಿಸುವ ಪದ್ಧತಿಯುಳ್ಳದ್ದು. ಘಟಿಕೋತ್ಸವದ ಹೊತ್ತಗೆ ಹಾಗಲ್ಲ. ಈ ಇಬ್ಬರ ಭಾಷಣಗಳನ್ನು ಈ ವ್ಯತ್ಯಾಸದ ಬೆಳಕಿನಲ್ಲಿ ಒಟ್ಟಿಗೆ ಓದುವ ಕೆಲಸಕ್ಕೆ ಎರಡೂ ಭಾಷೆಗಳ ನಡುವೆ ಬದುಕುವವರೇ ಹೆಚ್ಚು ಅರ್ಹರು.

ನಮ್ಮ ಆಡುಮಾತಿನಲ್ಲಿ ‘ಮರುಮಾತಾಡದೆ ಒಪ್ಪಿದ’ ಎಂದರೆ ವಿಧೇಯತೆಯ ಹೊಗಳಿಕೆ. ಮನೆಯ ಹಿರಿಯರ ಮುಂದೆ ಅದು ಸಲ್ಲಬಹುದು. ನೀತಿ, ಸಮಾಜ, ರಾಜ್ಯಗಳನ್ನು ಕುರಿತ ಸಭೆಯಲ್ಲಿ ಅದು ಸಲ್ಲುವುದಿಲ್ಲ. ಅಲ್ಲಿ ಮರುಮಾತಿಲ್ಲದೆ ಮುಗಿದ ಮಾತು ಇನ್ನೂ ಮುಗಿದಿಲ್ಲವೆಂದೇ ತಿಳಿಯಬೇಕು.